ವಯಸ್ಸಿಗೆ ಬಂದವರ ಬಾಗಿಲು

ಬೀಗದವನು ನೆಟ್ಟಗಿನ ಮನುಷ್ಯ, ಅಷ್ಟೇ ಒಣಕಲು ಮನುಷ್ಯ. ಇದು ಅವನ ಹೆಂಡತಿಯ ತೀರ್ಮಾನ. ಇಪ್ಪತ್ತೊಂಬತ್ತು ವರ್ಷ ಅವನ ಜೊತೆ ಏಗಿದವಳಿಗೆ ಅದನ್ನು ಹೇಳುವ ಹಕ್ಕಿತ್ತು. ಕೀ ಕಳೆದುಕೊಂಡವರು ಎಷ್ಟೇ ಗೋಗರೆಯಲಿ, ಒಂದು ಪ್ರಶ್ನೆ ಕೇಳದೆ ಅವನು ಚೀಲಕ್ಕೆ ಕೈಹಾಕುತ್ತಿರಲಿಲ್ಲ: ಬಾಗಿಲು ತೆರೆದೊಡನೆ ಒಳಗೆ ಮೊದಲು ಕಾಣುವುದೇನು? ಹೇಳಿದ್ದು ಒಳಗೆ ಕಾಣದಿದ್ದರೆ ಬಾಗಿಲನ್ನು ಮತ್ತೆ ಹಾಕಿ ಬರುತ್ತಿದ್ದ. ಅವಳ ಸ್ವಂತ ತಮ್ಮನಿಗೂ ಹಾಗೆಯೇ ಮಾಡಿದ್ದಕ್ಕೆ ತವರಿನವರು ಎರಡು ವರ್ಷ ಮಾತು ಬಿಟ್ಟಿದ್ದರು.

ಒಂದು ಮಧ್ಯಾಹ್ನ ಬಡಾವಣೆಯ ಸಂಘದ ಅಧ್ಯಕ್ಷ ಅವನನ್ನು ಕರೆಸಿದ. ಮೂರನೆಯ ಮಹಡಿಯಲ್ಲಿ ಬಾಡಿಗೆಗಿದ್ದ ನರ್ಸ್ ಒಬ್ಬಳ ಕೋಣೆಗೆ ಯಾವನೋ ಗಂಡಸು ಹೋಗಿದ್ದಾನಂತೆ, ಬಾಗಿಲು ತೆಗೆಯುತ್ತಿಲ್ಲವಂತೆ. ಮೆಟ್ಟಿಲ ತುಂಬ ಜನ, ಎಲ್ಲರಿಗಿಂತ ಮುಂದೆ ಚಾನೆಲ್‌ನವರ ಕ್ಯಾಮೆರಾ. ಬೀಗದವನು ತನ್ನ ಮಾಮೂಲಿ ಪ್ರಶ್ನೆ ಕೇಳಿದ.

"ಒಳಗೇನಿದೆ ಅಂತ ನೋಡೋಕೇ ಅಲ್ವೇನಯ್ಯ ನಿನ್ನ ಕರೆಸಿರೋದು?" ಎಂದ ಅಧ್ಯಕ್ಷ.

"ಹಾಗಾದ್ರೆ ಇದು ನಿಮ್ಮ ಬಾಗಿಲಲ್ಲ ಬಿಡಿ," ಎಂದು ಬೀಗದವನು ಇಳಿದು ಬಂದ.

ಬಾಗಿಲನ್ನು ಒದ್ದು ಮುರಿದರು. ಒಳಗೆ ಇಬ್ಬರು ವಯಸ್ಕರಿದ್ದರು, ಅಷ್ಟೇ. ಅದು ಯಾವ ಕಾನೂನಿನಲ್ಲೂ ಅಪರಾಧವಲ್ಲ. ಆದ್ದರಿಂದಲೇ ಅವಳನ್ನು ನಿರಪರಾಧಿ ಎಂದು ಸಾರಲು ಯಾವ ನ್ಯಾಯಾಧೀಶರೂ ಬರುವಂತಿರಲಿಲ್ಲ. ಚಾನೆಲ್ ಮೂರು ದಿನ ಅವಳ ಮುಖ ತೋರಿಸಿತು. ನಾಲ್ಕನೆಯ ದಿನ ಆಸ್ಪತ್ರೆ ಅವಳನ್ನು ಕೆಲಸದಿಂದ ತೆಗೆಯಿತು, ಮಾಲೀಕ ಕೋಣೆ ಬಿಡಿಸಿದ. ಬಾಗಿಲು ಮುರಿದವರನ್ನು ಯಾರೂ ಏನೂ ಕೇಳಲಿಲ್ಲ. ಒಂದು ವಾರದ ಮೇಲೆ, ಗಾಳಿ ತಿರುಗಿತೆಂದು ಕಂಡದ್ದೇ, ಅದೇ ಚಾನೆಲ್ ಬೀಗದವನನ್ನು ಕೂರಿಸಿಕೊಂಡು ಹೊಗಳಿತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿ ಅವನು, ವಯಸ್ಸಿಗೆ ಬಂದವರ ಬದುಕು ಅವರದು, ಹೆತ್ತವರಿಗೂ ಅದರಲ್ಲಿ ಇಣುಕುವ ಹಕ್ಕಿಲ್ಲ ಎಂದ.

ಅವನ ಮಗಳು ಆ ಮಾತನ್ನು ನಂಬಿದಳು. ಇಪ್ಪತ್ತಾರು ವರ್ಷದವಳು, ಔಷಧಿ ಅಂಗಡಿಯಲ್ಲಿ ಕೆಲಸ. ನರ್ಸ್ ಅಲ್ಲಿಯೇ ಪರಿಚಯವಾಗಿ ಗೆಳತಿಯಾಗಿದ್ದಳು. ಊಟಕ್ಕೆ ಕೂತಾಗ ಮಗಳು ವಿಷಯ ತೆಗೆದಳು. ನರ್ಸ್‌ಗೆ ಯಾರೂ ಮನೆ ಕೊಡುತ್ತಿಲ್ಲ, ತನ್ನ ಹೆಸರಿನಲ್ಲಿ ಒಂದು ಸಿಕ್ಕಿದೆ, ಸೋಮವಾರದಿಂದ ಇಬ್ಬರೂ ಅಲ್ಲಿರುತ್ತೇವೆ ಎಂದಳು. ತಾಯಿ ಎತ್ತಿದ್ದ ತುತ್ತನ್ನು ತಟ್ಟೆಗೆ ಹಾಕಿ ಗಂಡನ ಮುಖ ನೋಡಿದಳು.

ಬೀಗದವನು ನೀರು ಕುಡಿದು ಲೋಟ ಕೆಳಗಿಟ್ಟ. "ನೀನು ದೊಡ್ಡವಳಮ್ಮ. ನಿನ್ನಿಷ್ಟ."

ರಾತ್ರಿ ಮಗಳು ಮಲಗಿದ ಮೇಲೆ ಹಾಸಿಗೆಯಲ್ಲಿ ಹೆಂಡತಿ ಅವನ ಮೇಲೆ ಹರಿಹಾಯ್ದಳು. "ನಾಳೆ ನಮ್ಮ ಹುಡುಗೀನೂ ಟೀವೀಲಿ ಹಾಕ್ತಾರೆ. ಬಾಡಿಗೆ ಕರಾರುಪತ್ರ ಬೀರುವಿನಲ್ಲಿಟ್ಟು ಬೀಗ ಜಡಿದಿದಾಳೆ. ಯಾರ ಮನೆ, ಎಂಥ ಮನೆ ಅಂತಾದ್ರೂ ತೆಗೆದು ನೋಡ್ರೀ."

"ಅದು ಅವಳ ಬೀರು ಕಣೇ," ಎಂದು ಅವನು ಮಗ್ಗುಲು ಬದಲಿಸಿದ. ಇವನ ಎದೆಯಲ್ಲಿರುವುದೂ ಕಬ್ಬಿಣವೇ ಎಂದುಕೊಂಡು ಅವಳು ದೀಪ ಆರಿಸಿದಳು.

ಭಾನುವಾರ ಬೆಳಿಗ್ಗೆ ಮಗಳು ಹಾಲು ತರಲು ಹೋಗಿದ್ದಳು. ಒಗೆಯುವ ಬಟ್ಟೆ ಎತ್ತಿಕೊಳ್ಳಲು ಬಂದ ಹೆಂಡತಿ ಮಗಳ ಕೋಣೆಯ ಹೊಸ್ತಿಲಲ್ಲೇ ನಿಂತಳು. ಬೀರು ತೆರೆದಿತ್ತು. ಮನೆಯಲ್ಲಿದ್ದ ಎರಡು ಬೀರುಗಳಲ್ಲಿ ಕಿರುಗುಟ್ಟದ್ದು ಇದೊಂದೇ, ಯಾಕೆಂದು ಅವಳು ಎಂದೂ ಯೋಚಿಸಿರಲಿಲ್ಲ. ಕೀಲುಗಳಲ್ಲಿ ಎಣ್ಣೆಯಿತ್ತು. ಇವತ್ತಿನ ಎಣ್ಣೆಯಲ್ಲ, ಧೂಳು ಕೂತು ಕಪ್ಪುಗಟ್ಟಿತ್ತು.

ಬೀಗದವನು ಅವಳಿಗೆ ಬೆನ್ನುಹಾಕಿ, ಕರಾರುಪತ್ರ ಹಿಡಿದುಕೊಂಡು, ಮಗಳ ಹೊಸ ಮನೆಯ ಮಾಲೀಕನೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದ.

"ಒಂದು ಮಾತು ನಿಮ್ಮ ಕಿವಿಗೆ ಹಾಕೋಣ ಅಂತ ಸ್ವಾಮಿ. ಜೊತೇಲಿ ಇನ್ನೊಬ್ಬಳು ಬರ್ತಾಳಲ್ಲ, ಟೀವೀಲಿ ಬಂದಿದ್ದ ನರ್ಸು ಅವಳೇ. ನಾನಾ? ನಿಮ್ಮ ಹಿತೈಷಿ ಅಂದ್ಕೊಳ್ಳಿ."

ಆಮೇಲೆ ಕಾಗದವನ್ನು ಅದರದೇ ಮಡಿಕೆಯಲ್ಲಿ ಮಡಿಸಿ, ಮಗಳ ಬಟ್ಟೆಗಳ ಕೆಳಗೆ ಜೋಪಾನವಾಗಿ ಇಟ್ಟ.