ಪಂದ್ಯಕ್ಕೆ ಮುಂಚಿನ ಹತ್ತು ದಿನ

ಲಮ್ಜದ್ ಮೇಷ್ಟ್ರು ಬದುಕಿದ್ದಾರೆ. ಆದರೂ ನಮ್ಮೂರಿನವರು ಅವರ ಮಾತು ಬಂದಾಗ 'ಇದ್ದರು' ಎಂದೇ ಹೇಳುತ್ತಾರೆ, ತೀರಿಹೋದವರ ಬಗ್ಗೆ ಹೇಳುವ ಹಾಗೆ.

ನಮ್ಮದು ಗಫ್ಸಾ ಕಡೆಯ ಫಾಸ್ಫೇಟ್ ಗಣಿಯ ಊರು. ಇಲ್ಲಿನ ಫುಟ್‌ಬಾಲ್ ತಂಡದ ಜೆರ್ಸಿ ಒಗೆಯುವುದು, ಬೂಟು ಒರೆಸುವುದು ಇಪ್ಪತ್ತೆರಡು ವರ್ಷಗಳಿಂದ ನನ್ನ ಕೆಲಸ. ಆಟ ಕಲಿಸುವುದು, ಹನ್ನೊಂದು ಜನರನ್ನು ಆರಿಸುವುದು ಕೋಚ್ ನಜೀಬ್ ಪಾಲು. ಹುಡುಗರನ್ನು ಓಡಿಸಿ, ಹಾರಿಸಿ, ಮೈ ಪಳಗಿಸುವುದು ಲಮ್ಜದ್ ಮೇಷ್ಟ್ರ ಪಾಲು. ಹರೆಯದಲ್ಲಿ ಅವರೂ ಆಡಿದವರೇ. ಆಗೆಲ್ಲ ಪಂದ್ಯದ ಹಿಂದಿನ ದಿನ ಗಣಿಮಣ್ಣಿನ ಗುಡ್ಡವನ್ನು ಇಪ್ಪತ್ತು ಸಲ ಹತ್ತಿಸಿ ಇಳಿಸುತ್ತಿದ್ದರಂತೆ. ಮರುದಿನ ಕಾಲಿಗೆ ಸೀಸ ತುಂಬಿದ ಹಾಗಿರುತ್ತಿತ್ತಂತೆ. ಅದನ್ನು ಅವರು ಮರೆತಿರಲಿಲ್ಲ.

ಆ ವರ್ಷ ಕೊನೆಯ ಪಂದ್ಯ ಗೆದ್ದರೆ ಎರಡನೇ ದರ್ಜೆಯಲ್ಲಿ ಉಳಿಯುತ್ತಿದ್ದೆವು, ಸೋತರೆ ಕೆಳಕ್ಕೆ. ಹತ್ತು ದಿನ ಇದೆ ಅನ್ನುವಾಗ ಮೇಷ್ಟ್ರು ಓಟವನ್ನು ಅರ್ಧಕ್ಕಿಳಿಸಿದರು. ವೇಗ ತಗ್ಗಿಸಲಿಲ್ಲ, ಸುತ್ತು ಮಾತ್ರ ಕಮ್ಮಿ. ಎರಡು ಗಂಟೆಯ ಅಭ್ಯಾಸ ಒಂದಕ್ಕಿಳಿಯಿತು.

ಕಾಫಿ ಅಂಗಡಿಯಲ್ಲಿ ಇಸ್ಪೀಟಾಡುವವರು ಬಿಡುತ್ತಾರೆಯೇ? "ಏನ್ ಮೇಷ್ಟ್ರೇ, ಹುಡುಗ್ರನ್ನ ಪಂದ್ಯಕ್ಕೆ ಕಳಿಸ್ತಿದೀರೋ, ಅತ್ತೆ ಮನೆಗೋ?"

"ಬಾವಿ ನೀರು ಸೇದ್ತಾನೇ ಇದ್ರೆ ಕೆಸರು ಬರತ್ತಪ್ಪಾ," ಎಂದರು ಮೇಷ್ಟ್ರು. "ಒಂದಿಷ್ಟು ಹೊತ್ತು ಬಿಟ್ಟು ನೋಡು."

ನಾಲ್ಕನೇ ದಿನಕ್ಕೇ ಹುಡುಗರ ಕಾಲಲ್ಲಿ ಪುಟಿತ ಬಂದಿತ್ತು. ಕ್ಯಾಪ್ಟನ್ ಸಾಬೆರ್ ಒಬ್ಬನೇ ಮಂಕಾಗಿದ್ದ. ಅವನಿಗೆ ಮೂವತ್ತನಾಲ್ಕು, ಎರಡು ಹೆಣ್ಣುಮಕ್ಕಳ ತಂದೆ.

ಐದನೇ ದಿನ ನಸುಕಿನಲ್ಲಿ ನಾನೂ ಮೇಷ್ಟ್ರೂ ರೊಟ್ಟಿ ತರಲು ಹೊರಟಿದ್ದೆವು. ಅದಿರು ರೈಲಿನ ಹಳಿ ಪಕ್ಕ ಯಾರೋ ಬೆನ್ನಿಗೆ ಮರಳಿನ ಚೀಲ ಕಟ್ಟಿಕೊಂಡು ಓಡುತ್ತಿದ್ದ. ಹತ್ತಿರ ಬಂದಾಗ ನೋಡಿದರೆ ಸಾಬೆರ್.

"ಎಷ್ಟು ದಿನದಿಂದ ಇದು?" ಮೇಷ್ಟ್ರು ಕೇಳಿದರು.

"ನಾಲ್ಕು."

"ಎಷ್ಟು ದೂರ?"

"ಹನ್ನೆರಡು ಕಿಲೋಮೀಟರ್." ಅವನು ಏದುಸಿರು ಬಿಡುತ್ತಿದ್ದ. "ಕೋಚ್‌ಗೆ ಹೇಳ್ಬೇಡಿ ಮೇಷ್ಟ್ರೇ, ನನ್ನ ಹೊರಗೆ ಕೂರಿಸ್ತಾರೆ. ಇದೇ ನನ್ನ ಕೊನೇ ಪಂದ್ಯ."

"ಸುಮ್ನಿರೋಕೆ ಏನೋ ಕಷ್ಟ ನಿಂಗೆ?"

"ಸುಮ್ನೆ ಮಲಗಿದ್ರೆ ವಯಸ್ಸಾಗೋದು ಕೇಳ್ಸತ್ತೆ ಮೇಷ್ಟ್ರೇ."

ಮೇಷ್ಟ್ರು ಬಗ್ಗಿ ಅವನ ಹಿಮ್ಮಡಿ ಹಿಚುಕಿ ನೋಡಿದರು. "ನೋವಿದ್ಯಾ?"

"ಇಲ್ಲ... ಬೆಳಿಗ್ಗೆ ಏಳುವಾಗ ಸ್ವಲ್ಪ."

ಇನ್ನು ಓಡುವುದಿಲ್ಲ ಎಂದು ಮಕ್ಕಳ ಮೇಲೆ ಆಣೆ ಹಾಕಿಸಿಕೊಂಡು ಅವನನ್ನು ಮನೆಗೆ ಕಳಿಸಿದರು.

ನಾನು ಕೇಳಿದೆ, "ಕೋಚ್‌ಗೆ ಹೇಳ್ಬೇಕು ಅನ್ಸಲ್ವಾ ನಿಮ್ಗೆ?"

"ಅನ್ಸತ್ತೆ," ಎಂದರು. ಆದರೆ ಕೋಚ್‌ಗೆ ಹೇಳಲಿಲ್ಲ.

ಪಂದ್ಯದ ದಿನ ನಮ್ಮ ಹುಡುಗರು ಜಿಂಕೆಗಳ ಹಾಗೆ ಓಡಿದರು. ಅರ್ಧ ಆಟದ ಹೊತ್ತಿಗೆ ಒಂದು ಗೋಲು ಮುಂದಿದ್ದೆವು. ಇನ್ನು ಇಪ್ಪತ್ತು ನಿಮಿಷ ಇದೆ ಅನ್ನುವಾಗ ಸಾಬೆರ್ ಚೆಂಡಿನತ್ತ ನುಗ್ಗಲು ಕಾಲೆತ್ತಿದವನು ಗಕ್ಕನೆ ನಿಂತು, ಒದ್ದವರು ಯಾರೆಂದು ಹಿಂದಿರುಗಿ ನೋಡಿದ. ಹತ್ತು ಮಾರಿನೊಳಗೆ ಯಾರೂ ಇರಲಿಲ್ಲ. ಆಮೇಲೆ ಕುಸಿದ. ಹಿಮ್ಮಡಿಯ ನರ ಪೂರ್ತಿ ಹರಿದುಹೋಗಿತ್ತು. ಬದಲಿಗೆ ಇಳಿಸಬಹುದಾದವರನ್ನೆಲ್ಲ ಆಗಲೇ ಇಳಿಸಿಯಾಗಿತ್ತು. ಹತ್ತೇ ಜನ ಉಳಿದರು, ಎರಡು ಗೋಲು ಬಿಟ್ಟುಕೊಟ್ಟು ಸೋತೆವು.

ಮೂರನೇ ದಿನ ಕ್ಲಬ್ಬಿನಲ್ಲಿ ಸಭೆ. "ಹತ್ತು ದಿನ ಮಲಗಿಸಿದ್ರಿ," ಎಂದ ನಜೀಬ್. "ನರ ಒಣಗಿ ಕಡ್ಡಿಯಾಗಿತ್ತು, ಪಟ್ ಅಂತು. ಇನ್ನೇನಾಗತ್ತೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಮೇಜಿನಡಿ ನನ್ನ ಕೈ ಗಟ್ಟಿಯಾಗಿ ಅದುಮಿದರು. "ಜವಾಬ್ದಾರಿ ನಂದೇ," ಎಂದರು. ಅಲ್ಲಿಗೆ ಅವರ ಕೆಲಸ ಮುಗಿಯಿತು. ಯಾರೋ ಅವರ ಮನೆ ಗೋಡೆಗೆ ಡಾಂಬರಿನಲ್ಲಿ 'ನಿದ್ದೆ ಮೇಷ್ಟ್ರು' ಎಂದು ಬರೆದರು. ಹೆಂಡತಿ ಜನ್ನತ್ ಎರಡು ದಿನ ಉಜ್ಜಿದಳು. ಡಾಂಬರು ಹರಡಿತೇ ಹೊರತು ಹೋಗಲಿಲ್ಲ.

ಮೇಷ್ಟ್ರು ಸಾಬೆರನ ಮನೆಗೆ ನನ್ನನ್ನೂ ಕರೆದುಕೊಂಡು ಹೋದರು. ಅವನು ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಗೋಡೆ ನೋಡುತ್ತಿದ್ದ. "ನಾನೇ ಹೋಗಿ ಎಲ್ಲಾ ಹೇಳ್ಬಿಡ್ಲಾ ಮೇಷ್ಟ್ರೇ?"

"ಬೇಡ ಬಿಡು. ಈಗ ಅದ್ರಿಂದ ಯಾರ್ಗೇನು?"

ಸಾಬೆರ್ ಇನ್ನೊಮ್ಮೆ ಕೇಳಲಿಲ್ಲ. ಮೇಷ್ಟ್ರು ಲೋಟದಲ್ಲಿದ್ದ ಚಹಾ ಪೂರ್ತಿ ಆರುವವರೆಗೆ ಕೂತಿದ್ದರು. ಇನ್ನೊಮ್ಮೆ ಕೇಳಲಿ ಎಂದೇ ಕೂತಿದ್ದರು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಬರುವಾಗ ದಾರಿಯಲ್ಲಿ ಹೇಳಿದರು: "ಅವನನ್ನ ಆಡಿಸ್ಬಾರ್ದಿತ್ತು. ಅಷ್ಟು ದಣಿದ ಕಾಲು ಐದು ದಿನದಲ್ಲಿ ಸುಧಾರಿಸಲ್ಲ ಅಂತ ಈ ಊರಲ್ಲಿ ಗೊತ್ತಿದ್ದವನು ನಾನೊಬ್ನೇ. ಗೊತ್ತಿದ್ದೂ ಬಾಯಿ ಮುಚ್ಕೊಂಡೆ."

ಪ್ಲಾಸ್ಟರ್ ಬಿಚ್ಚಿದ ಮೇಲೆ ಐದು ತಿಂಗಳು ಅವರೇ ಹೋಗಿ ಅವನನ್ನು ನಡೆಸಿದರು. ಸಾಬೆರ್ ಈಗ ಗಣಿ ಗೇಟಿನಲ್ಲಿ ಕಾವಲು ಕೂರುತ್ತಾನೆ, ಸ್ವಲ್ಪ ಕುಂಟುತ್ತಾನೆ. ಬೀದಿಯಲ್ಲಿ ಮೇಷ್ಟ್ರು ಎದುರಾದರೆ ಸಲಾಂ ಹೇಳಿ ಬೇಗ ದಾಟಿಹೋಗುತ್ತಾನೆ.

ಮೇಷ್ಟ್ರು ಗಫ್ಸಾದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕವಾಯತು ಹೇಳಿಕೊಡುತ್ತಾರೆ. ತಂಡದಲ್ಲಿ ಅವರ ಜಾಗಕ್ಕೆ ಹೊಸದಾಗಿ ಬಂದವನು ಪಂದ್ಯದ ಹಿಂದಿನ ದಿನ ಹುಡುಗರನ್ನು ಗುಡ್ಡ ಹತ್ತಿಸುತ್ತಾನೆ. ಕಾಫಿ ಅಂಗಡಿಯವರು ಅವನನ್ನು ಹೊಗಳುತ್ತಾರೆ. ನಾವು ಇನ್ನೂ ಮೂರನೇ ದರ್ಜೆಯಲ್ಲೇ ಇದ್ದೇವೆ.