ನಾನೂರ ಹನ್ನೆರಡು ಪಟ್ಟಿಗಳ ದೀಪಶ್ರೀ

ಬೆಳಗಿನ ಐದೂವರೆ. ಬಾಳೂರಿನ ಈ ತೋಟದಲ್ಲಿ ಸಿಗ್ನಲ್ ಸಿಗುವುದು ಕಾಫಿ ಕಣದ ಮೂಲೆಯಲ್ಲಿ ಮಾತ್ರ. ಅಲ್ಲಿ ಕುರ್ಚಿ ಹಾಕಿಕೊಂಡ ದೀಪಶ್ರೀ, ಲ್ಯಾಪ್‌ಟಾಪಿನಲ್ಲಿ ಒಂದೇ ಸಾಲನ್ನು ಮುಕ್ಕಾಲು ಗಂಟೆಯಿಂದ ನೋಡುತ್ತಿದ್ದಾರೆ. ಅವರ ಬಗ್ಗೆ ಬರೆಯಲೆಂದು ಬಂದು ಪಕ್ಕದಲ್ಲಿ ಕೂತ ನನಗೆ ಚಳಿಗೆ ಹಲ್ಲು ಕಟಕಟ. ಅವರಿಗೆ ಅದರ ಪರಿವೆಯೇ ಇಲ್ಲ.

ಕಾಫಿ ಡ್ರೈಯರ್ ನಡೆಸುವ ಪ್ರೋಗ್ರಾಂ ಬರೆಯುವವರಿಗೆಂದು ಮೂಡಿಗೆರೆಯ ಸಣ್ಣ ತಂಡವೊಂದು ಉಚಿತ ಫ್ರೇಮ್‌ವರ್ಕ್, ಅಂದರೆ ಪ್ರೋಗ್ರಾಮಿಗೆ ಬೇಕಾದ ಸಿದ್ಧ ಚೌಕಟ್ಟು, ಕೊಡುತ್ತದೆ. ಅದರಲ್ಲಿ ನಾನೂರ ಹನ್ನೆರಡು ಇಂಟರ್‌ಫೇಸ್‌ಗಳು. ಇಂಟರ್‌ಫೇಸ್ ಎಂದರೆ ‘ಇಷ್ಟಿಷ್ಟು ಕೆಲಸ ಮಾಡಿಕೊಡಬೇಕು’ ಎಂಬ ಪಟ್ಟಿ. ಕೆಲವು ಪಟ್ಟಿಗಳ ಕೆಲಸವನ್ನು ಬಳಕೆದಾರರು ತಾವೇ ಬರೆದುಕೊಳ್ಳಬಹುದು. ಉಳಿದವನ್ನು ಫ್ರೇಮ್‌ವರ್ಕೇ ಮಾಡುತ್ತದೆ, ಇವರು ಬಳಸಿಕೊಂಡರೆ ಸಾಕು. ಯಾವುದು ಯಾವುದೆಂದು ಬರೆದಿಡುವುದು ದೀಪಶ್ರೀ ಕೆಲಸ.

“ತೋಟದಲ್ಲಿ ಇಲ್ವಾ, ಚಿಗುರು ಯಾರ್ ಬೇಕಾದ್ರೂ ತೆಗೀಬಹುದು. ನೆರಳಿನ ಮರದ ಕೊಂಬೆ ಕಡಿಯೋಕೆ ಮಾತ್ರ ಮೇಸ್ತ್ರಿ ಹೇಳ್ಬೇಕು. ಹಂಗೇ ಇದು,” ಎನ್ನುತ್ತಾರೆ. ತಾಯಿ ಅಂಜನಮ್ಮ ಇದೇ ತೋಟದಲ್ಲಿ ಮೂವತ್ತು ವರ್ಷದಿಂದ ಕೆಲಸಕ್ಕಿದ್ದಾರೆ.

ನಾಲ್ಕು ವರ್ಷದ ಹಿಂದೆ ಒಂದು ಎಡವಟ್ಟಾಯಿತು. ತಾಪಮಾನದ ಪಟ್ಟಿಗೆ ದೀಪಶ್ರೀ, ಯಾರನ್ನೂ ಕೇಳದೆ, ‘ನೀವೇ ಬರೆದುಕೊಳ್ಳಬಹುದು’ ಎಂದು ಹಾಕಿಬಿಟ್ಟರು. ಮುಂದಿನ ಆವೃತ್ತಿಯಲ್ಲಿ ತಂಡ ಆ ಪಟ್ಟಿಗೆ ಹೊಸ ಕೆಲಸವೊಂದನ್ನು ಸೇರಿಸಿತು. ಪಟ್ಟಿಯ ಒಂದು ಕೆಲಸ ಬಿಟ್ಟುಹೋದರೂ ಪ್ರೋಗ್ರಾಂ ಓಡುವುದಿಲ್ಲ. ಆ ಸಾಲು ನಂಬಿದ್ದ ವಸ್ತಾರೆಯ ಬೆಳೆಗಾರ ಹಾಲೇಶ್ ಅವರ ಪ್ರೋಗ್ರಾಂ ಕೊಯ್ಲಿನ ನಡುವೆ ನಿಂತು, ಡ್ರೈಯರ್ ತುಂಬ ಇದ್ದ ಕಾಫಿ ಸೀದುಹೋಯಿತು. ದೀಪಶ್ರೀ ಬಸ್ಸು ಹತ್ತಿ ಹೋಗಿ ಕ್ಷಮೆ ಕೇಳಿದರು. ಅಂದಿನಿಂದ ಪ್ರತಿಯೊಂದನ್ನೂ ತಾವೇ ಬರೆದು, ಓಡಿಸಿ ನೋಡಿ, ಇನ್ನು ಬದಲಿಸುವುದಿಲ್ಲವೆಂದು ತಂಡದಿಂದ ಮಾತು ಪಡೆದ ಮೇಲೆಯೇ ‘ಬಹುದು’ ಎನ್ನುವುದು. ದಿನಕ್ಕೆ ಎರಡು ಮುಗಿದರೆ ಹೆಚ್ಚು. ಇಂಥ ತಾಳ್ಮೆಯನ್ನು ನಾನಂತೂ ಕಂಡಿಲ್ಲ.

ಇವತ್ತಿನ ಸಾಲು ತೇವಾಂಶದ ಪಟ್ಟಿಯದು; ತಂಡದ ಮಾತು ಪಡೆದು ‘ಬಹುದು’ ಎಂದು ಎಂದೋ ಬರೆದದ್ದು. ಅದಕ್ಕೂ ಹೊಸ ಕೆಲಸ ಸೇರಿಸಬೇಕು, ‘ಬಹುದು’ ಅಳಿಸಿಬಿಡಿ ಎಂದು, ಬೆಳಕು ಹರಿದ ಮೇಲೆ ತಂಡದ ಮುಖ್ಯಸ್ಥ ಬಸವಪ್ರಸಾದ್ ಫೋನ್ ಮಾಡುತ್ತಾರೆ. ದೀಪಶ್ರೀ ಸ್ಪೀಕರ್ ಹಾಕುತ್ತಾರೆ.

“ಆಗಲ್ಲ ಸರ್. ನಂಬಿ ಬರ್ಕೊಂಡೋರು ಅರವತ್ತೊಂದು ಜನ ಇದಾರೆ, ಹಾಲೇಶಣ್ಣನೂ ಸೇರಿ. ಹೊಸ ಕೆಲ್ಸಕ್ಕೆ ಬೇರೆ ಪಟ್ಟಿ ಮಾಡಿ.”

“ಎರಡು ವಾರ ತಡ ಆಗುತ್ತಲ್ಲ ಮಾರಾಯ್ತಿ!”

“ಆಗ್ಲಿ ಸರ್. ಬೇಕಾದ್ರೆ ನನ್ನ ಕೆಲ್ಸದಿಂದ ತೆಗೀರಿ. ಇದನ್ನ ಅಳ್ಸಲ್ಲ.”

ಕೊನೆಗೆ ಆ ಕಡೆಯಿಂದ, “ಸರಿ, ಬೇರೆ ಮಾಡ್ತೀವಿ ಬಿಡಿ.”

ಹೊಸ ಆವೃತ್ತಿ ಬಂದ ಮರುದಿನ ಮತ್ತೆ ಬಾಳೂರಿಗೆ ಹೋಗುತ್ತೇನೆ. ಕೂರುವಷ್ಟರಲ್ಲಿ ದೀಪಶ್ರೀಗೆ ಹಾಲೇಶ್ ಫೋನ್: “ಹೊಸದು ಹಾಕ್ದೆ ಕಣಮ್ಮ. ಏನೂ ಆಗ್ಲಿಲ್ಲ.”

ದೀಪಶ್ರೀ ಫೋನ್ ಇಟ್ಟು ನಗುತ್ತಾರೆ. “ಏನೂ ಆಗ್ಲಿಲ್ಲ ಅಂತ ಹೇಳೋಕೆ ಫೋನ್ ಮಾಡಿದಾರೆ ನೋಡಿ. ನಂಗೆ ಅಷ್ಟು ಸಾಕು.”