ದೇವರ ಮುಂದೆ ಖಾಲಿ ಇಡಬಾರದಂತೆ

ರೈಫಲ್, ಶಾಟ್‌ಗನ್, ಪಿಸ್ತೂಲು ಮೂರನ್ನೂ ಒಂದೇ ಓಟದಲ್ಲಿ ಬಳಸುವ ಮಲ್ಟಿಗನ್ ಸ್ಪರ್ಧೆಯ ಹುಚ್ಚು ನನಗೆ. ಆಯುಧಪೂಜೆಯ ದಿನ ಅಮೆರಿಕದ ಆಶ್‌ಬರ್ನ್‌ನ ನಮ್ಮ ಮನೆಯಲ್ಲಿ ಕಾರಿನ ಜೊತೆ ಅವಕ್ಕೂ ಕುಂಕುಮ. ಈ ಸಲ, ಹೊಸದಾಗಿ ಈ ಆಟಕ್ಕಿಳಿದ ಪಕ್ಕದ ಬೀದಿಯ ಕಿರಣನೂ ತನ್ನ ಪಿಸ್ತೂಲು ತಂದ. "ಮೊದಲು ಗುರಿ ಹಿಡಿಯೋಕೆ ಒಳ್ಳೆಯ ಸೈಟ್ ಹಾಕಿಸು, ಕೈ ಪಳಗಲಿ, ಟ್ರಿಗರ್ ಆಮೇಲೆ" ಎಂದು ಬಡಕೊಂಡಿದ್ದೆ. ಅವನು ಮೊದಲು ಬದಲಿಸಿದ್ದೇ ಟ್ರಿಗರ್.

"ಅಂಕಲ್, ಟಚ್ ಮಾಡಿದ್ರೆ ಸಾಕು, ಬೆಣ್ಣೆ!"

ಕುಂಕುಮ ಹಚ್ಚುವ ಮುಂಚೆ ಅಭ್ಯಾಸದಂತೆ ಅವನ ಪಿಸ್ತೂಲಿನ ಗುಂಡಿನ ಮ್ಯಾಗಜಿನ್ ತೆಗೆದು ಮೇಲಿನ ಸ್ಲೈಡ್ ಹಿಂದಕ್ಕೆಳೆದೆ. ಒಳಗಿದ್ದ ಗುಂಡು ಚಿಮ್ಮಿ ಆರತಿ ತಟ್ಟೆಗೆ ಬಿತ್ತು. ಎದುರಿಗೇ ಮಕ್ಕಳು ಕೂತಿದ್ದರು.

"ಲೋಡ್ ಮಾಡಿ ತಂದಿದ್ದೀಯೇನೋ?"

"ದೇವರ ಮುಂದೆ ಏನನ್ನೂ ಖಾಲಿ ಇಡಬಾರದು ಅಂತ ಅಮ್ಮ ಹೇಳ್ತಿದ್ರು, ಅಂಕಲ್."

"ನಿಮ್ಮಮ್ಮ ಹೇಳಿದ್ದು ಬಿಂದಿಗೆ ವಿಷಯ ಕಣೋ, ಮೂರ್ಖ!"

ದೇವರ ಮನೆಯಲ್ಲಿ ನಾನು ಕಿರುಚಿದ್ದು ಅದೇ ಮೊದಲು. ಆ ಸಿಟ್ಟು ಇನ್ನೂ ಇಳಿದಿಲ್ಲ. ಚಾಮುಂಡಿ ಅವನನ್ನು ಕ್ಷಮಿಸಿಯಾಳು, ತಾಯಿ ಅವಳು. ನಾನು ಮಾತ್ರ ಅವನನ್ನು ಶೂಟಿಂಗ್ ರೇಂಜಿಗೆ ಕರೆದೊಯ್ಯುವುದನ್ನೇ ಬಿಟ್ಟೆ. ಪೂಜೆಗೆ ಬರಲಿ, ಪ್ರಸಾದ ತಿನ್ನಲಿ. ನನ್ನ ದೇವರ ಮುಂದೆ ತುಂಬಿರಬೇಕಾದದ್ದು ಕಲಶ ಒಂದೇ.